ಬಂಡಸಾಲೆಗಳು ಹೇಳುವ ಚರಿತ್ರೆ

ಚರಿತ್ರೆಯೆಂದರೆ ಕೋಟೆ, ಅರಮನೆ, ಯುದ್ಧಗಳೆಂದೇ ನಾವು ಶಾಲೆಯಲ್ಲಿ ಕಲಿತೆವು. ಆದರೆ ಊರಿನ ಚರಿತ್ರೆ ಬಲ್ಲವರೊಬ್ಬರ ಜೊತೆ ಮಂಗಳೂರಿನ ಹಳೆ ಬಂದರಿನ ಬೀದಿಗಳಲ್ಲಿ ಸುತ್ತಾಡಿದರೆ ವ್ಯಾಪಾರಿಗಳು ಕಟ್ಟಿದ ಇನ್ನೊಂದು ಚರಿತ್ರೆ ಕಣ್ಣಿಗೆ ಬೀಳುತ್ತದೆ.

ಬಂಡಸಾಲೆಯೆಂದರೆ ಸರಕು ಕೂಡಿಡುವ ಮಳಿಗೆ. ಮಳೆಗಾಲದಲ್ಲಿ ಕಡಲು ಕೆರಳಿದರೆ ಮಂಜಿಗಳ ಓಡಾಟ ನಿಲ್ಲುತ್ತದೆ. ಆ ತಿಂಗಳುಗಳಲ್ಲಿ ಅಕ್ಕಿ, ಕೊಬ್ಬರಿ, ಕರಿಮೆಣಸು ಕೆಡದೆ ಉಳಿಯಬೇಕು. ಅದಕ್ಕೆಂದೇ ಮುರಕಲ್ಲಿನ ದಪ್ಪ ಗೋಡೆ, ಸುಣ್ಣದ ಗಾರೆ, ಇಳಿಜಾರಾದ ಹಂಚಿನ ಮಾಡು, ಗಾಳಿಯಾಡುವ ಅಟ್ಟ. ಆ ಹಂಚಿಗೂ ಒಂದು ಕಥೆಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯ ಜೇಡಿಮಣ್ಣು 'ಮಂಗಳೂರು ಹಂಚು' ಆಗಿ ಕಡಲು ದಾಟಿತು. ಕ್ರೈಸ್ತ ಮಿಶನರಿಗಳ ಕಾರ್ಖಾನೆಯ ಹಂಚು ಕೊಂಕಣಿಗರ, ಬ್ಯಾರಿಗಳ, ಕಚ್ಚಿ ಮೇಮನರ ಮಳಿಗೆಗಳಿಗೆಲ್ಲ ನೆರಳಾಯಿತು.

ಈ ಕೂಡುಬಾಳು ನಿನ್ನೆ ಮೊನ್ನೆಯದಲ್ಲ. 1132ರಿಂದ 1149ರವರೆಗೆ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅವನ ಸೇವಕ ಬೊಮ್ಮ ಅವನ ವ್ಯವಹಾರಕ್ಕಾಗಿ ಏಡನ್‌ಗೆ ಹೋಗಿ ಬಂದದ್ದು ಕೈರೋದಲ್ಲಿ ದೊರೆತ ಪತ್ರಗಳಿಂದ ತಿಳಿಯುತ್ತದೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ, ಫಾರಸ್ ಮತ್ತು ಯಮನ್‌ನ ವರ್ತಕರು ಇಲ್ಲಿ ಇಳಿಯುತ್ತಾರೆ, ಸುಮಾರು 4,000 ಮುಸ್ಲಿಮರಿದ್ದಾರೆ ಎಂದು ದಾಖಲಿಸಿದ್ದಾನೆ. ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತು. ವರ್ತಕರು ತನಗೆ ಬೇಕೆಂದು ಅರಸನೇ ರಾಜಿ ಮಾಡಿಸುತ್ತಿದ್ದ ಎಂದೂ ಬರೆದಿದ್ದಾನೆ. ಅಂದಿನ ಬದುಕು ಜಗಳವಿಲ್ಲದ್ದಾಗಿರಲಿಲ್ಲ. ಆದರೆ ಜಗಳವನ್ನು ಮುಗಿಸುವ ವಿವೇಕ ಆಳುವವರಿಗಿತ್ತು.

ಬಂದರಿನ ಝೀನತ್ ಬಕ್ಷ್ ಮಸೀದಿ ಕ್ರಿ.ಶ. 644ರಲ್ಲಿ ಸ್ಥಾಪನೆಯಾಯಿತೆಂಬುದು ಪರಂಪರೆಯ ನಂಬಿಕೆ. ಅದರೊಳಗಿನ ಕೆತ್ತನೆಯ ಮರದ ಕಂಬಗಳು ನೋಡುವವರಿಗೆ ನೆನಪಿಸುವುದು ಈ ನಾಡಿನ ಮರಗೆಲಸವನ್ನೇ. ಬ್ಯಾರಿ ಎಂಬ ಹೆಸರೇ ವ್ಯಾಪಾರ ಎಂಬರ್ಥದ ತುಳುವಿನ 'ಬ್ಯಾರ'ದಿಂದ ಬಂತೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ದೊಡ್ಡ ಹಡಗುಗಳು ಅತ್ತ ಹೊರಳಿದವು. ಹಳೆ ಬಂದರಿನ ಮಳಿಗೆಗಳು ಒಂದೊಂದಾಗಿ ಕಾಂಕ್ರೀಟಿಗೆ ಜಾಗ ಬಿಡುತ್ತಿವೆ. ಬಾಡಿಗೆಯ ಲೆಕ್ಕವನ್ನೂ ಮಾಡಬೇಕಾದ ಮಾಲೀಕರನ್ನಷ್ಟೇ ದೂರಿ ಫಲವಿಲ್ಲ. ದುರಸ್ತಿಗೆ ನೆರವು ನೀಡುವ ಹೊಣೆ ಸರಕಾರ, ನಗರಪಾಲಿಕೆಗಳ ಮೇಲೂ ಇದೆ.

2022ರಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಅವಕಾಶ ಸಿಗಲಿಲ್ಲ. ಶತಮಾನಗಳಿಂದ ಪರಸ್ಪರರ ಸರಕು ಕೊಂಡು ಬಾಳಿದ ನೆಲದಲ್ಲಿ ಈ ಮಾತು ಕೇಳಿಬಂದದ್ದು ನೋವಿನ ಸಂಗತಿ. ನಮ್ಮ ಮಕ್ಕಳನ್ನು, ನೆರೆಮನೆಯ ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಒಮ್ಮೆ ಬಂದರಿನಲ್ಲಿ ನಡೆಯೋಣ. ಉಳಿದಿರುವ ಬಂಡಸಾಲೆಗಳು ಅವರಿಗೆ ಪಾಠ ಹೇಳಲಿ.