ಕುಡಿಯುವ ನೀರಿನ ‘ಸುರಕ್ಷತಾ ಮಿತಿ’ ಎಂದರೇನು? ಪರೀಕ್ಷಾ ವರದಿಯ ಅಂಕಿಗಳನ್ನು ಓದುವುದು ಹೇಗೆ?

ಊರಿನ ಕೊಳವೆಬಾವಿಯ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೀರಿ ಎಂದುಕೊಳ್ಳಿ. ಕೆಲವು ದಿನಗಳ ನಂತರ ವರದಿ ಬರುತ್ತದೆ. ಫ್ಲೋರೈಡ್ ಎಂಬ ಸಾಲಿನಲ್ಲಿ ‘1.4’ ಎಂದಿದೆ. ಪಕ್ಕದ ಒಂದು ಕಾಲಂನಲ್ಲಿ ‘1.0’, ಇನ್ನೊಂದರಲ್ಲಿ ‘1.5’ ಎಂದಿದೆ. ಮೊದಲನೆಯದನ್ನು ನೋಡಿದರೆ ನೀರು ಫೇಲ್, ಎರಡನೆಯದನ್ನು ನೋಡಿದರೆ ಪಾಸ್. ಹಾಗಾದರೆ ಈ ನೀರನ್ನು ಕುಡಿಯಬಹುದೇ, ಬಾರದೇ?

ಇದಕ್ಕೆ ಉತ್ತರ ಬೇಕಾದರೆ ಈ ಮಿತಿಗಳು ಎಲ್ಲಿಂದ ಬಂದವು, ಯಾರನ್ನು ಲೆಕ್ಕದಲ್ಲಿಟ್ಟು ಮಾಡಿದವು ಎಂಬುದು ಗೊತ್ತಿರಬೇಕು.

ಎರಡು ಕಾಲಂ ಏಕೆ?

ಭಾರತದಲ್ಲಿ ಕುಡಿಯುವ ನೀರಿನ ಗುಣಮಟ್ಟವನ್ನು ಹೇಳುವ ದಾಖಲೆ ಐಎಸ್ 10500. ಇದನ್ನು ರೂಪಿಸಿದ್ದು ಭಾರತೀಯ ಮಾನಕ ಬ್ಯೂರೋ (ಬಿಐಎಸ್). 2012ರಲ್ಲಿ ಇದು ಪರಿಷ್ಕರಣೆಯಾಯಿತು, ನಂತರವೂ ಕೆಲವು ತಿದ್ದುಪಡಿಗಳಾಗಿವೆ.

ಇದರಲ್ಲಿ ಹಲವು ವಸ್ತುಗಳಿಗೆ ಎರಡು ಮಿತಿಗಳಿವೆ. ಮೊದಲನೆಯದು ‘ಸ್ವೀಕಾರಾರ್ಹ ಮಿತಿ’. ನೀರು ಇದರೊಳಗೇ ಇರಬೇಕು ಎಂಬುದು ಉದ್ದೇಶ. ಎರಡನೆಯದು ‘ಅನುಮತಿಸಬಹುದಾದ ಮಿತಿ’. ಇದಕ್ಕೊಂದು ಷರತ್ತಿದೆ: ಬೇರೆ ನೀರಿನ ಮೂಲವೇ ಇಲ್ಲದಿದ್ದರೆ ಮಾತ್ರ ಇದು ಅನ್ವಯ. ಅಂದರೆ ಎರಡನೆಯ ಅಂಕಿ ‘ಇಲ್ಲಿಯವರೆಗೆ ಏನೂ ತೊಂದರೆಯಿಲ್ಲ’ ಎನ್ನುವುದಿಲ್ಲ. ‘ಗತಿಯಿಲ್ಲದಿದ್ದರೆ ಇಲ್ಲಿಯವರೆಗೆ ಸಹಿಸಿಕೊಳ್ಳಬಹುದು, ಇದನ್ನು ಮೀರಿದರೆ ಆ ಮೂಲವನ್ನೇ ಬಿಡಬೇಕು’ ಎನ್ನುತ್ತದೆ.

ವರದಿ ಓದುವಾಗ ಹೆಚ್ಚಿನವರು ಎಡವುವುದು ಇಲ್ಲೇ. 1.4 ಇದ್ದರೆ ‘ಮಿತಿಯೊಳಗಿದೆ’ ಎಂದು ವರದಿಯನ್ನು ಮಡಚಿಡುತ್ತಾರೆ, ಷರತ್ತನ್ನು ಗಮನಿಸುವುದಿಲ್ಲ.

ಮಿತಿಯ ಅಂಕಿ ಹುಟ್ಟುವುದು ಹೇಗೆ?

ಒಂದು ಲೀಟರಿಗೆ 1 ಮಿಲಿಗ್ರಾಂ ಎಂದರೆ ಎಷ್ಟು? 10,000 ಲೀಟರಿನ ಟ್ಯಾಂಕರ್‌ಗೆ 10 ಗ್ರಾಂ ಹಾಕಿದಷ್ಟು. ಇಷ್ಟು ಸಣ್ಣ ಪ್ರಮಾಣಕ್ಕೆ ಮಿತಿ ಹಾಕುವುದು ಲೆಕ್ಕದ ಕೆಲಸ. ಅನೇಕ ರಾಸಾಯನಿಕಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಅನುಸರಿಸುವ ದಾರಿಯನ್ನು ಒಂದು ಕಾಲ್ಪನಿಕ ವಸ್ತುವಿನ ಉದಾಹರಣೆಯಲ್ಲಿ ನೋಡೋಣ.

1. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ, ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂವರೆಗೆ ಯಾವ ಹಾನಿಯೂ ಕಾಣಲಿಲ್ಲ ಎನ್ನಿ.
2. ಪ್ರಾಣಿಗೂ ಮನುಷ್ಯನಿಗೂ ವ್ಯತ್ಯಾಸವಿದೆ, ಹಾಗಾಗಿ 10ರಿಂದ ಭಾಗಿಸುತ್ತಾರೆ. ಮನುಷ್ಯರಲ್ಲೂ ಒಬ್ಬರಂತೆ ಒಬ್ಬರಿಲ್ಲ, ಮತ್ತೆ 10ರಿಂದ ಭಾಗಿಸುತ್ತಾರೆ. ಉಳಿಯುವುದು 0.1 ಮಿಲಿಗ್ರಾಂ.
3. ವಯಸ್ಕರ ತೂಕ 60 ಕಿಲೋ ಎಂದು ಹಿಡಿದರೆ ದಿನಕ್ಕೆ 6 ಮಿಲಿಗ್ರಾಂ.
4. ಆ ವಸ್ತು ಆಹಾರ, ಗಾಳಿಯಿಂದಲೂ ಬರಬಹುದು. ನೀರಿನ ಪಾಲು ಶೇ 20 ಎಂದರೆ 1.2 ಮಿಲಿಗ್ರಾಂ.
5. ದಿನಕ್ಕೆ 2 ಲೀಟರ್ ನೀರು ಕುಡಿಯುತ್ತಾರೆಂದರೆ ಮಿತಿ ಲೀಟರಿಗೆ 0.6 ಮಿಲಿಗ್ರಾಂ.

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ಇಂಥ ಮಿತಿ ಹಾನಿ ಶುರುವಾಗುವ ಹಂತಕ್ಕಿಂತ ಬಹಳ ಕೆಳಗಿರುತ್ತದೆ. ಒಂದು ದಿನ ಸ್ವಲ್ಪ ಮೀರಿದ ಮಾತ್ರಕ್ಕೆ ನೀರು ವಿಷವಾಗುವುದಿಲ್ಲ. ಎರಡು, ಈ ಲೆಕ್ಕದೊಳಗೆ ಒಬ್ಬ ‘ಸರಾಸರಿ ಮನುಷ್ಯ’ ಕುಳಿತಿದ್ದಾನೆ: 60 ಕಿಲೋ ತೂಕ, 2 ಲೀಟರ್ ನೀರು. ನೀವು ಅವನಂತೆ ಇಲ್ಲದಿದ್ದರೆ ಲೆಕ್ಕ ಬದಲಾಗುತ್ತದೆ.

ಫ್ಲೋರೈಡ್: ಒಂದೇ ವಸ್ತು, ಮೂರು ಮಿತಿ

ಫ್ಲೋರೈಡ್‌ಗೆ ಮಾತ್ರ ಇಷ್ಟೊಂದು ದೊಡ್ಡ ಸುರಕ್ಷತಾ ಅಂತರವಿಲ್ಲ. ಇದರ ಮಿತಿ ಬಂದಿರುವುದು ಪ್ರಾಣಿಗಳಿಂದಲ್ಲ, ಅಂಥ ನೀರನ್ನು ವರ್ಷಗಟ್ಟಲೆ ಕುಡಿದ ಮನುಷ್ಯರಿಂದ. ಭಾರತದಲ್ಲಿ ಈ ಕಾಯಿಲೆಯ ವರದಿ 1937ರಲ್ಲೇ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಭಾಗದಿಂದ ಪ್ರಕಟವಾಗಿತ್ತು.

ಅಲ್ಪ ಪ್ರಮಾಣದ ಫ್ಲೋರೈಡ್ ಹಲ್ಲು ಹುಳುಕಾಗುವುದನ್ನು ತಡೆಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದಂತೆ ಮಕ್ಕಳ ಹಲ್ಲಿನಲ್ಲಿ ಬಿಳಿ, ಕಂದು ಕಲೆಗಳ ದಂತ ಫ್ಲೋರೋಸಿಸ್ ಹೆಚ್ಚುತ್ತದೆ. 3ರಿಂದ 6 ಮಿಲಿಗ್ರಾಂ ಇರುವಲ್ಲಿ ಮೂಳೆ, ಕೀಲುಗಳ ತೊಂದರೆ ಕಾಣಿಸಿಕೊಳ್ಳಬಹುದು. 10 ದಾಟಿದರೆ ಬೆನ್ನು ಬಾಗಿ, ಅಂಗವೈಕಲ್ಯ ಬರುವಷ್ಟು ತೀವ್ರವಾಗಬಹುದು.

ಆದರೂ ಮಿತಿ ಎಲ್ಲೆಡೆ ಒಂದೇ ಅಲ್ಲ. ಭಾರತದ ಸ್ವೀಕಾರಾರ್ಹ ಮಿತಿ 1.0. ವಿಶ್ವ ಆರೋಗ್ಯ ಸಂಸ್ಥೆಯದು 1.5. ಅಮೆರಿಕದ ಕಾನೂನುಬದ್ಧ ಮಿತಿ 4.0. ಅಮೆರಿಕದವರ ಮೂಳೆ ಗಟ್ಟಿ ಎಂದು ಇದರ ಅರ್ಥವಲ್ಲ. 1986ರಲ್ಲಿ ಅಲ್ಲಿ 4.0 ನಿಗದಿಯಾದದ್ದು ಮೂಳೆಯ ತೀವ್ರ ಫ್ಲೋರೋಸಿಸ್ ತಡೆಯುವ ಗುರಿಯಿಂದ. ಹಲ್ಲಿನ ಕಲೆಯನ್ನೂ ತಡೆಯಬೇಕು ಎಂದರೆ ಅಂಕಿ ಕೆಳಗಿಳಿಯುತ್ತದೆ. ಯಾವ ಹಾನಿಯನ್ನು ತಡೆಯಬೇಕು ಎಂಬ ತೀರ್ಮಾನ ಮೊದಲು, ಅಂಕಿ ಆಮೇಲೆ. 4.0 ಸಾಲದು, ಇಳಿಸಬೇಕು ಎಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯೇ 2006ರಲ್ಲಿ ಹೇಳಿತು.

ಮಿತಿಯೊಳಗಿದ್ದೂ ಹೆಚ್ಚಾಗುವುದು ಹೇಗೆ?

ಪಾವಗಡ, ಕೋಲಾರ, ಚಿಕ್ಕಬಳ್ಳಾಪುರ, ಕೊಪ್ಪಳ, ರಾಯಚೂರಿನಂಥ ಬಯಲುಸೀಮೆ ಪ್ರದೇಶಗಳ ನೆಲದಡಿ ಗ್ರಾನೈಟ್, ನೈಸ್ ಶಿಲೆಗಳಿವೆ. ಅವುಗಳ ಖನಿಜಗಳಲ್ಲಿರುವ ಫ್ಲೋರೈಡ್ ಅಂತರ್ಜಲಕ್ಕೆ ಕರಗಿ ಸೇರುತ್ತದೆ. ಇದು ಕಾರ್ಖಾನೆಯ ಕೊಳೆಯಲ್ಲ, ಕಲ್ಲಿನಿಂದಲೇ ಬಂದದ್ದು.

ಈಗ ಲೆಕ್ಕ ಹಾಕೋಣ. 1.5 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು ಕಚೇರಿಯಲ್ಲಿ ಕುಳಿತವರು 2 ಲೀಟರ್ ಕುಡಿದರೆ ದಿನಕ್ಕೆ 3 ಮಿಲಿಗ್ರಾಂ. ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲಿ ಕೆಲಸ ಮಾಡುವವರು 5 ಲೀಟರ್ ಕುಡಿದರೆ 7.5 ಮಿಲಿಗ್ರಾಂ. ಮುದ್ದೆ, ಸಾರು, ಚಹಾ ಎಲ್ಲಕ್ಕೂ ಅದೇ ನೀರು, ಚಹಾ ಎಲೆಯಲ್ಲೇ ಇರುವ ಫ್ಲೋರೈಡ್ ಬೇರೆ. ಎಲ್ಲ ಮೂಲಗಳಿಂದ ದಿನಕ್ಕೆ ಸುಮಾರು 6 ಮಿಲಿಗ್ರಾಂ ಮೀರಿದರೆ ಮೂಳೆಗೆ ಅಪಾಯ ಹೆಚ್ಚುವ ಸೂಚನೆಗಳಿವೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನೀರು ‘ಅನುಮತಿಸಬಹುದಾದ’ ಮಿತಿಯಲ್ಲೇ ಇದೆ, ದೇಹ ಸೇರಿದ್ದು ಅದಕ್ಕಿಂತ ಹೆಚ್ಚು. ತಾಪಮಾನ, ನೀರು ಕುಡಿಯುವ ಪ್ರಮಾಣ ಎರಡನ್ನೂ ನೋಡಿ ಸ್ಥಳೀಯ ಮಿತಿ ಹಾಕಿಕೊಳ್ಳಿ ಎಂದು ಆ ಸಂಸ್ಥೆಯೇ ದೇಶಗಳಿಗೆ ಹೇಳುವುದು ಇದೇ ಕಾರಣಕ್ಕೆ.

ಎಲ್ಲ ಮಿತಿಗಳೂ ಒಂದೇ ಬಗೆಯವಲ್ಲ

• ಇ. ಕೋಲಿ ಬ್ಯಾಕ್ಟೀರಿಯಾ: 100 ಮಿಲಿಲೀಟರ್ ನೀರಿನಲ್ಲಿ ಒಂದೂ ಕಾಣಬಾರದು. ಇದ್ದರೆ ನೀರಿಗೆ ಮಲ ಸೇರಿದೆ ಎಂದರ್ಥ. ಇಲ್ಲಿ ವರ್ಷಗಳ ಲೆಕ್ಕವಿಲ್ಲ, ಒಂದು ಲೋಟವೂ ಕಾಯಿಲೆ ತರಬಹುದು.
• ನೈಟ್ರೇಟ್: 45 ಮಿಲಿಗ್ರಾಂ. ಸಡಿಲಿಕೆ ಇಲ್ಲ. ಈ ನೀರಿನಲ್ಲಿ ಬಾಟಲಿ ಹಾಲು ಕಲಸಿ ಕೊಟ್ಟ ಎಳೆಗೂಸಿನ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು.
• ಆರ್ಸೆನಿಕ್: 0.01 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ 0.05ರಿಂದ ಇದಕ್ಕೆ ಇಳಿಸಿತು. ಇದನ್ನು ‘ತಾತ್ಕಾಲಿಕ’ ಎಂದೇ ಕರೆಯುತ್ತಾರೆ. ಇದಕ್ಕಿಂತ ಕೆಳಗೆ ಅಪಾಯವಿಲ್ಲ ಎಂದಲ್ಲ, ಅಳೆಯುವುದು, ತೆಗೆಯುವುದು ಕಷ್ಟ ಎಂದು.

ಮೂರು ತಪ್ಪು ತಿಳಿವಳಿಕೆಗಳು

‘ಟಿಡಿಎಸ್ ಕಡಿಮೆಯಿದ್ದರೆ ನೀರು ಶುದ್ಧ.’ ಟಿಡಿಎಸ್ ಮೀಟರ್ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದು ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆ. 300 ತೋರಿಸಿದರೆ ಅದರಲ್ಲಿ ಫ್ಲೋರೈಡ್ 0.5 ಇದೆಯೋ 3 ಇದೆಯೋ ಅದು ಹೇಳಲಾರದು. ಬ್ಯಾಕ್ಟೀರಿಯಾ ಅದಕ್ಕೆ ಕಾಣುವುದೇ ಇಲ್ಲ.

‘ಕುದಿಸಿದರೆ ಎಲ್ಲ ಹೋಗುತ್ತದೆ.’ ರೋಗಾಣುಗಳು ಸಾಯುತ್ತವೆ, ಸರಿ. ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್ ಆವಿಯಾಗುವುದಿಲ್ಲ. ನೀರು ಬತ್ತಿದಷ್ಟೂ ಅವುಗಳ ಸಾಂದ್ರತೆ ಏರುತ್ತದೆ.

‘ತಿಳಿಯಾಗಿದೆ, ರುಚಿಯಾಗಿದೆ.’ ಈ ಮೂರಕ್ಕೂ ಬಣ್ಣ, ವಾಸನೆ ಇಲ್ಲ. ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ವರದಿಯಲ್ಲಿ ಮೊದಲು ಇ. ಕೋಲಿ ಸಾಲನ್ನು ನೋಡಿ. ಆಮೇಲೆ ನೈಟ್ರೇಟ್, ಫ್ಲೋರೈಡ್, ಆರ್ಸೆನಿಕ್. ಪ್ರತಿಯೊಂದನ್ನೂ ಮೊದಲ ಕಾಲಂನೊಂದಿಗೆ ಹೋಲಿಸಿ. ಕ್ಯಾಂಡಲ್ ಫಿಲ್ಟರ್, ಯುವಿ ಯಂತ್ರಗಳು ಫ್ಲೋರೈಡ್ ತೆಗೆಯುವುದಿಲ್ಲ. ಅದಕ್ಕೆ ಆರ್‌ಒ ಅಥವಾ ಆಕ್ಟಿವೇಟೆಡ್ ಅಲ್ಯುಮಿನಾ ಬೇಕು. ಪಟಿಕ, ಸುಣ್ಣ ಬಳಸುವ ನಲ್ಗೊಂಡ ವಿಧಾನವೂ ಇದೆ. ಜಲ ಜೀವನ್ ಮಿಷನ್ ಅಡಿ ಹಳ್ಳಿಗಳಲ್ಲಿ ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಲಾಗಿದೆ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಫಲಿತಾಂಶ ಕೇಳಿ.

ಇನ್ನು ಆರಂಭದ ಪ್ರಶ್ನೆ: 1.4 ಇರುವ ನೀರನ್ನು ಕುಡಿಯಬಹುದೇ? ಬೇರೆ ನೀರು ಇಲ್ಲದಿದ್ದರೆ, ಸದ್ಯಕ್ಕೆ, ಹೌದು. ಮನೆಯಲ್ಲಿ ಹಲ್ಲು ಬೆಳೆಯುತ್ತಿರುವ ಎಂಟು ವರ್ಷದೊಳಗಿನ ಮಕ್ಕಳಿದ್ದರೆ, ಬಿಸಿಲಲ್ಲಿ ದುಡಿಯುವವರಿದ್ದರೆ, ಕುಡಿಯಲು ಮತ್ತು ಅಡುಗೆಗೆ ಬೇರೆ ಮೂಲ ಹುಡುಕುವುದನ್ನು ಇಂದೇ ಶುರುಮಾಡಿ. ಹಲ್ಲಿನ ಮೇಲೆ ಒಮ್ಮೆ ಬಂದ ಕಲೆ, ಒಮ್ಮೆ ಬಿಗಿದ ಬೆನ್ನು ನೀರು ಬದಲಿಸಿದ ಮಾತ್ರಕ್ಕೆ ಮೊದಲಿನಂತಾಗುವುದಿಲ್ಲ.