‘ಬಸವ’ ಎಂಬ ಹೆಸರು

ಕನ್ನಡ ನಾಡಿನಲ್ಲಿ ಎಂಟು ಶತಮಾನಗಳಿಗೂ ಮಿಗಿಲಾಗಿ ತೊಟ್ಟಿಲಿನಲ್ಲಿ ಕೂಗಲ್ಪಡುತ್ತ ಬಂದಿರುವ ಹೆಸರುಗಳಲ್ಲಿ ‘ಬಸವ’ ಎಂಬುದೊಂದು. ಅರಸನ ಮಗನಿಗೂ ಆಳಿನ ಮಗನಿಗೂ ಈ ಹೆಸರು ಸಂದಿದೆ. ಬೇರೆ ಬೇರೆ ಕಾಲದಲ್ಲಿ ಇದು ತಾಳಿದ ರೂಪಗಳನ್ನೂ ಅದಕ್ಕೆ ಹತ್ತಿದ ಪ್ರತ್ಯಯಗಳನ್ನೂ ಪರಿಶೀಲಿಸಿದರೆ, ಶರಣರ ಆಶಯವನ್ನು ಸಮಾಜವು ಎಷ್ಟರಮಟ್ಟಿಗೆ ಉಳಿಸಿಕೊಂಡಿತು, ಎಷ್ಟರಮಟ್ಟಿಗೆ ಕೈಬಿಟ್ಟಿತು ಎಂಬುದು ತಿಳಿದುಬರುತ್ತದೆ.

ಮೊದಲು ಶಬ್ದದ ವಿಚಾರ. ‘ಬಸವ’ ಎಂಬುದು ಸಂಸ್ಕೃತದ ‘ವೃಷಭ’ ಶಬ್ದದ ತದ್ಭವ. ಪ್ರಾಕೃತದಲ್ಲಿ ಋಕಾರವು ಅಳಿದು, ಷಕಾರವು ಸಕಾರವಾಗಿ, ಭಕಾರವು ಹಕಾರವಾಗಿ ‘ವಸಹ’ ಎಂದಾಯಿತು. ಕನ್ನಡಕ್ಕೆ ಬಂದಾಗ ಆದಿಯ ವಕಾರವು ಬಕಾರವಾಯಿತು. ‘ವಿನಾಯಕ’ನು ‘ಬೆನಕ’ನಾದಂತೆ, ‘ವಿದ್ಯೆ’ಯು ‘ಬಿಜ್ಜೆ’ಯಾದಂತೆ, ‘ವರ್ಣ’ವು ‘ಬಣ್ಣ’ವಾದಂತೆ, ‘ವಸತಿ’ಯು ‘ಬಸದಿ’ಯಾದಂತೆ ಇದೂ ಭಾಷೆಯ ಸಹಜ ಗತಿ. ಕೊನೆಯ ಹಕಾರವು ವಕಾರವಾಗಿ ‘ಬಸವ’ ಎಂಬ ರೂಪ ನೆಲೆಗೊಂಡಿತು. ಹೀಗೆ ಈ ಹೆಸರು ಪಂಡಿತರು ಕೋಶದಿಂದ ಆಯ್ದು ಕೊಟ್ಟುದಲ್ಲ. ಜನರ ನಾಲಗೆಯ ಮೇಲೆ ಸವೆದು ನುಣುಪಾದ ಮಾತು. ದೇವಾಲಯದಲ್ಲಿ ಶಿವನಿಗೆ ಅಭಿಮುಖವಾಗಿ ಮಲಗಿದ ನಂದಿಯೂ ಬಸವನೇ. ದೇವರ ಹೆಸರಿನಲ್ಲಿ ಊರಿಗೆ ಬಿಟ್ಟ ಗೂಳಿಯೂ ಬಸವನೇ. ಜೂಲು ಹೊದೆಸಿಕೊಂಡು ಮನೆಮನೆಯ ಮುಂದೆ ತಲೆಯಾಡಿಸುವ ಎತ್ತು ಕೋಲೆಬಸವ. ಬೆಂಗಳೂರಿನ ಬಸವನಗುಡಿಗೆ ಹೆಸರು ಬಂದುದು ಅಲ್ಲಿಯ ದೊಡ್ಡ ಬಸವನ ಗುಡಿಯಿಂದ. ಉಳುವವನ ಹಟ್ಟಿಯಲ್ಲಿಯೂ ದೇವರ ಗುಡಿಯಲ್ಲಿಯೂ ಒಂದೇ ಹೆಸರಿನಿಂದ ಕರೆಯಲ್ಪಡುವ ಪ್ರಾಣಿ ಇದೊಂದೇ ಎನ್ನಬಹುದು.

ಬಾಗೇವಾಡಿಯ ಮಾದರಸ-ಮಾದಲಾಂಬಿಕೆಯರ ಮಗನಿಗೆ ಈ ಹೆಸರು ಬಂದ ಬಗೆಯನ್ನು ಪುರಾಣಕಾರರು ತಮ್ಮದೇ ರೀತಿಯಲ್ಲಿ ವರ್ಣಿಸಿದ್ದಾರೆ. ಹರಿಹರನ ‘ಬಸವರಾಜದೇವರ ರಗಳೆ’ಯಲ್ಲಿ ಕೈಲಾಸದ ವೃಷಭಮುಖನೆಂಬ ಗಣನಾಥನು ಶಿವನ ಆಜ್ಞೆಯಂತೆ ಭೂಮಿಗೆ ಬರುತ್ತಾನೆ. ಹದಿಮೂರನೆಯ ಶತಮಾನದಲ್ಲಿ ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ರಚಿಸಿದ ‘ಬಸವಪುರಾಣಮು’, ಅದನ್ನನುಸರಿಸಿ ಭೀಮಕವಿಯು 1369ರಲ್ಲಿ ಷಟ್ಪದಿಯಲ್ಲಿ ಬರೆದ ‘ಬಸವಪುರಾಣ’ಗಳಲ್ಲಿ ತಾಯಿಯು ನಂದಿಯನ್ನು ಆರಾಧಿಸಿ ಮಗನನ್ನು ಪಡೆಯುತ್ತಾಳೆ. ಅವತಾರದ ಕಥೆಯಿಂದ ಹೆಸರು ಬಂದಿತೋ, ಹೆಸರಿನಿಂದ ಅವತಾರದ ಕಥೆ ಬೆಳೆಯಿತೋ ಎಂಬ ಪ್ರಶ್ನೆಯನ್ನು ಚರಿತ್ರೆಯ ವಿದ್ಯಾರ್ಥಿ ಕೇಳಬಹುದು. ಮಕ್ಕಳಿಲ್ಲದವರು ದೇವರಿಗೆ ಹರಸಿಕೊಂಡು, ಹುಟ್ಟಿದ ಮಗುವಿಗೆ ಆ ದೇವರ ಹೆಸರನ್ನೇ ಇಡುವುದು ನಾಡಿನ ಹಳೆಯ ವಾಡಿಕೆ. ಆ ವಾಡಿಕೆಯ ನೆಲೆಯ ಮೇಲೆಯೇ ಪುರಾಣದ ಕಥೆ ಅರಳಿದೆ ಎಂದರೆ ಭಕ್ತಿಗೆ ಊನವಿಲ್ಲ, ಚರಿತ್ರೆಗೂ ವಿರೋಧವಿಲ್ಲ.

ಕಾವ್ಯದ ಹೊರಗೆ ಶಿಲೆಯ ಸಾಕ್ಷ್ಯವೂ ಇದೆ. ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದ 1260ರ ಶಾಸನವು ಸೇವುಣರ ಕನ್ನರನ ಕಾಲದ್ದು. ಅದರಲ್ಲಿ ಬಸವಣ್ಣನವರ ವಂಶದ ಪ್ರಸ್ತಾಪವಿದ್ದು, ಅವರನ್ನು ‘ಸಂಗನ ಬಸವ’ ಎಂದು ಕರೆಯಲಾಗಿದೆ. ಕಲ್ಯಾಣದ ಮಹಾಮಂತ್ರಿಗೆ ಶಾಸನಕವಿ ಕೊಟ್ಟ ಈ ಗುರುತು ಗಮನಾರ್ಹವಾದುದು. ಪದವಿಯಿಂದಲ್ಲ, ಕುಲದಿಂದಲ್ಲ, ಆತ ನಂಬಿದ ಕೂಡಲಸಂಗಮದ ದೈವದಿಂದ ಆತನನ್ನು ಗುರುತಿಸಲಾಗಿದೆ. ವಿಜಯಪುರ, ಬಾಗಲಕೋಟೆಗಳ ಕಡೆ ಇಂದಿಗೂ ಕೇಳಿಬರುವ ‘ಸಂಗನಬಸವ’, ‘ಸಂಗನಬಸಪ್ಪ’ ಎಂಬ ಹೆಸರುಗಳಲ್ಲಿ ಆ ಹಳೆಯ ಗುರುತು ಜೀವಂತವಾಗಿದೆ.

ಶರಣರ ಕೈಯಲ್ಲಿ ಈ ಹೆಸರು ಮತ್ತೊಂದು ಅರ್ಥವನ್ನು ಪಡೆಯಿತು. ಬ, ಸ, ವ ಎಂಬ ಮೂರು ಅಕ್ಷರಗಳನ್ನು ಬಿಡಿಬಿಡಿಯಾಗಿ ತೆಗೆದುಕೊಂಡು, ಒಂದೊಂದಕ್ಕೂ ಒಂದೊಂದು ತತ್ತ್ವವನ್ನು ಹೇಳುವ ಕ್ರಮ ವಚನಗಳಲ್ಲಿ ಕಂಡುಬರುತ್ತದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಇದು ನಿಷ್ಪತ್ತಿಯಲ್ಲ. ಅನುಭಾವದ ದೃಷ್ಟಿಯಿಂದ ಇದು ನಿಜವಾದ ನಿರುಕ್ತ. ಒಂದು ಶಬ್ದವು ಎಲ್ಲಿಂದ ಬಂದಿತೆಂಬುದನ್ನು ವೈಯಾಕರಣನು ಹೇಳುತ್ತಾನೆ. ಅದು ಎಲ್ಲಿಗೆ ಒಯ್ಯುತ್ತದೆಂಬುದನ್ನು ಶರಣನು ಹೇಳುತ್ತಾನೆ. ಇವೆರಡನ್ನೂ ಒಂದರೊಡನೊಂದು ಬೆರೆಸದೆ ಓದುವುದು ಸಾಹಿತ್ಯ ವಿದ್ಯಾರ್ಥಿಗಳಿಗೆ ಅವಶ್ಯಕ.

ಇನ್ನು ಪ್ರತ್ಯಯಗಳ ವಿಚಾರ. ಈ ಹೆಸರಿನ ಚರಿತ್ರೆಯ ತಿರುಳು ಇರುವುದು ಇಲ್ಲಿಯೇ. ‘ಬಸವಣ್ಣ’ ಎಂಬಲ್ಲಿಯ ‘ಅಣ್ಣ’ ಒಡಹುಟ್ಟಿನ ಸಂಬಂಧವಾಚಕ, ರಾಜಪದವಿಯ ಬಿರುದಲ್ಲ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಸಾಲಾಗಿ ಇರಿಸಿ ನೋಡಬೇಕು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಸಮಗಾರ ಹರಳಯ್ಯ. ಮೊದಲ ಪದವು ಕಾಯಕವನ್ನು ಹೇಳುತ್ತದೆ, ಕೊನೆಯ ಪ್ರತ್ಯಯವು ಗೌರವವನ್ನು ಹೇಳುತ್ತದೆ. ಲೋಕವು ಯಾರನ್ನು ಏಕವಚನದಲ್ಲಿ ಕೂಗುತ್ತಿತ್ತೋ ಅವರೆಲ್ಲರಿಗೂ ‘ಅಯ್ಯ’ ಎಂಬ ಪ್ರತ್ಯಯ ಸಂದುದು ಸಣ್ಣ ಸಂಗತಿಯಲ್ಲ. ಗೌರವದ ಕರೆಯನ್ನು ಸ್ವರ್ಗಕ್ಕೂ ತಿರಸ್ಕಾರದ ಕರೆಯನ್ನು ನರಕಕ್ಕೂ ಸರಿಗಟ್ಟಿ ಹೇಳಿದ ಬಸವಣ್ಣನವರ ಮಾತು ಕೇವಲ ನೀತಿಬೋಧೆಯಲ್ಲ. ಹೆಸರುಗಳಲ್ಲಿಯೇ ಆಚರಣೆಗೆ ಬಂದ ತತ್ತ್ವ ಅದು.

ಮುಂದಿನ ಶತಮಾನಗಳಲ್ಲಿ ಹೆಸರು ಹಬ್ಬಿತು, ಪ್ರತ್ಯಯಗಳು ಹಂಚಿಹೋದವು. ಒಕ್ಕಲಿನವನೂ ವ್ಯಾಪಾರಿಯೂ ‘ಬಸಪ್ಪ’ನಾದರು, ಜಂಗಮನು ‘ಬಸಯ್ಯ’ನಾದನು, ಊರಗೌಡನು ‘ಬಸನಗೌಡ’ನಾದನು. ಒಂದು ಕಾಲಕ್ಕೆ ಮಾದಾರನಿಗೂ ಮಡಿವಾಳನಿಗೂ ಸಮಾನವಾಗಿ ಸಂದಿದ್ದ ‘ಅಯ್ಯ’ ಎಂಬ ಪ್ರತ್ಯಯವೇ ಈಗ ಒಂದು ವರ್ಗದ ಗುರುತಾಯಿತು. ಚೆನ್ನಬಸವ, ಗುರುಬಸವ, ಶಿವಬಸವ, ಸಿದ್ಧಬಸವ, ಬಸವಲಿಂಗ, ಬಸವಪ್ರಭು ಮೊದಲಾದ ಸಮಾಸಗಳು ಬೆಳೆದವು. ಹೆಣ್ಣುಮಕ್ಕಳಿಗೆ ಬಸವ್ವ, ಬಸಮ್ಮ, ಗುರುಬಸವ್ವ, ಚೆನ್ನಬಸವ್ವ ಎಂಬ ಹೆಸರುಗಳು ಬಂದವು. ಹೆಸರು ಸಿಂಹಾಸನವನ್ನೂ ಏರಿತು. 1709ರಲ್ಲಿ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ ಕೆಳದಿಯ ಅರಸ ಬಸವಪ್ಪನಾಯಕ. ಕವಿಗಳಲ್ಲಿ ಮತ್ತೊಂದು ಕುತೂಹಲಕರ ಚಲನೆ ಕಾಣುತ್ತದೆ. ಹದಿನೇಳನೆಯ ಶತಮಾನದ ಷಡಕ್ಷರದೇವನು ಬಸವಚರಿತೆಯನ್ನು ಚಂಪುವಿನಲ್ಲಿ ಬರೆದು ‘ವೃಷಭೇಂದ್ರ ವಿಜಯ’ವೆಂದು ಹೆಸರಿಟ್ಟನು. ಜನರ ಬಾಯಲ್ಲಿ ‘ಬಸವ’ನಾಗಿ ಇಳಿದುಬಂದ ಶಬ್ದವನ್ನು ಪ್ರೌಢಕಾವ್ಯವು ಮತ್ತೆ ಸಂಸ್ಕೃತದ ಮೆಟ್ಟಿಲೇರಿಸಿತು. ಆದರೆ ತೊಟ್ಟಿಲು ಆ ದಾರಿಯನ್ನು ಹಿಡಿಯಲಿಲ್ಲ. ಮನೆಮನೆಗಳಲ್ಲಿ ತದ್ಭವವೇ ಉಳಿಯಿತು.

ಹಳ್ಳಿಯ ಮನೆಗಳಲ್ಲಿ ಈ ಹೆಸರು ಬಾಳಿಕೆ ಬಂದುದಕ್ಕೆ ಒಂದು ಗೃಹಕಾರಣವೂ ಉಂಟು. ಉತ್ತರ ಕರ್ನಾಟಕದ ಅನೇಕ ಮನೆತನಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರನ್ನಿಡುವುದು ಪದ್ಧತಿ. ಆದುದರಿಂದ ‘ಬಸಪ್ಪ’ ಎಂಬುದು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಮರಳಿ ಬರುತ್ತದೆ. ಮಾವನ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದೆಂಬ ಮರ್ಯಾದೆ ಇದ್ದುದರಿಂದ, ಆಕೆ ತನ್ನ ಮಗನನ್ನು ಹೆಸರು ಹಿಡಿದು ಕರೆಯದೆ ‘ಅಜ್ಜ’, ‘ಅಪ್ಪ’ ಎಂದು ಕರೆಯುತ್ತಿದ್ದಳು.

ಆದರೆ ಇದೇ ಹೆಸರು ಅಂಗಳ ದಾಟಿ ಹೊಲಕ್ಕೆ ಹೋದಾಗ ಬೇರೆಯಾಗುತ್ತಿತ್ತು. ಒಡೆಯನೂ ಬಸವನೇ, ಅವನ ಜೀತದಾಳೂ ಬಸವನೇ. ಒಡೆಯನು ‘ಬಸಪ್ಪನವರು’, ಆಳು ‘ಬಸ್ಯಾ’. ಶಬ್ದ ಒಂದು, ಕೂಗು ಎರಡು. ಸ್ತ್ರೀಲಿಂಗದಲ್ಲಿ ಈ ಇಳಿತ ಮತ್ತಷ್ಟು ದಾರುಣವಾಯಿತು. ಬಳ್ಳಾರಿಯ ಸೀಮೆಯಲ್ಲಿ ಗಂಡುಸಂತಾನವಿಲ್ಲದವರು ಮಗಳನ್ನು ಮಗನ ಸ್ಥಾನದಲ್ಲಿರಿಸಲೆಂದು ದೇವರಿಗೆ ಬಿಟ್ಟು ‘ಬಸವಿ’ ಎಂದು ಕರೆಯುತ್ತಿದ್ದರು. ಮದುವೆಯ ಬಾಳು ಆಕೆಗೆ ನಿಷಿದ್ಧವಾಗಿತ್ತು. ಹೆಣ್ಣಿಗೆ ಲಿಂಗದೀಕ್ಷೆಯ ಅಧಿಕಾರವನ್ನು ಕೊಟ್ಟ ಮಹಾಪುರುಷನ ಹೆಸರೂ ಹೆಣ್ಣಿನ ಬಾಳನ್ನು ಕಿತ್ತುಕೊಂಡ ಈ ಪದ್ಧತಿಯ ಹೆಸರೂ ಒಂದೇ ಧಾತುವಿನಿಂದ ಬಂದುವೆಂಬುದು ನಾಡು ತಲೆತಗ್ಗಿಸಬೇಕಾದ ಸಂಗತಿ. ಇಂಥ ಸಮರ್ಪಣೆಯನ್ನು ಕರ್ನಾಟಕದ 1982ರ ದೇವದಾಸಿ ಸಮರ್ಪಣೆ ನಿಷೇಧ ಕಾಯಿದೆ ಅಪರಾಧವೆಂದು ಸಾರಿತು.

ಇಪ್ಪತ್ತನೆಯ ಶತಮಾನದಲ್ಲಿ ಹೆಸರಿಗೆ ಹೊಸ ಚೈತನ್ಯ ಬಂದಿತು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯ ಸಾರ್ವಜನಿಕ ಆಚರಣೆಯನ್ನು ಆರಂಭಿಸಿದರು. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಓಲೆಗರಿಗಳಿಂದ ವಚನಗಳನ್ನು ಎತ್ತಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ವಚನಗಳನ್ನು ಬೆಳಕಿಗೆ ತಂದ ಆ ಮಹನೀಯರ ತಂದೆಯ ಹೆಸರಿನಲ್ಲಿಯೇ ಬಸವನಿದ್ದನೆಂಬುದು, ಹೆಸರು ಮಾತ್ರ ಉಳಿದು ಮಾತು ಮರೆಯಾಗಿದ್ದ ಕಾಲದ ಕುರುಹು. ಓದುಬರಹ ಹಬ್ಬಿದಂತೆ ಶಾಲೆಯ ಹಾಜರಿ ಪುಸ್ತಕಗಳಲ್ಲಿ ‘ಬಸಪ್ಪ’ನಿದ್ದಲ್ಲಿ ‘ಬಸವರಾಜ’ ಕಾಣಿಸಿಕೊಂಡನು. ಹರಿಹರನ ಕಾವ್ಯದಲ್ಲಿದ್ದ ರೂಪವೇ ಆಧುನಿಕರಿಗೆ ಮೆಚ್ಚುಗೆಯಾಯಿತು. ಕಾದಂಬರಿಕಾರ ಬಸವರಾಜ ಕಟ್ಟೀಮನಿ, ಗಾಯಕ ಬಸವರಾಜ ರಾಜಗುರು ಆ ತಲೆಮಾರಿನವರು. ಇವರಿಗಿಂತ ಗಮನಾರ್ಹವಾದ ಹೆಸರು ಬಿ. ಬಸವಲಿಂಗಪ್ಪನವರದು. ದಲಿತ ಸಮುದಾಯದಲ್ಲಿ ಹುಟ್ಟಿ ಮಂತ್ರಿಗಳಾದ ಅವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ದಿಟ್ಟ ಕ್ರಮ ಕೈಗೊಂಡರು. ಚೆನ್ನಯ್ಯ-ಕಕ್ಕಯ್ಯರನ್ನು ತಮ್ಮ ಹಿರಿಯರೆಂದು ಎಣಿಸಿದ ಬಸವಣ್ಣನವರ ಹೆಸರು ಅಲ್ಲಿ ಸಾರ್ಥಕವಾಯಿತು.

ಈಚಿನ ದಶಕಗಳಲ್ಲಿ ಒಂದು ವೈಚಿತ್ರ್ಯ ಕಂಡುಬರುತ್ತಿದೆ. ಊರು, ಬೀದಿ, ಸಂಸ್ಥೆಗಳಿಗೆ ಈ ಹೆಸರು ಹೆಚ್ಚು ಹೆಚ್ಚಾಗಿ ಸಲ್ಲುತ್ತಿದೆ. ಕಲ್ಯಾಣವು ಬಸವಕಲ್ಯಾಣವಾಗಿದೆ, ನಾರಾಯಣಪುರದ ಜಲಾಶಯವು ಬಸವಸಾಗರವಾಗಿದೆ, 1967ರಲ್ಲಿ ಅಂಚೆಚೀಟಿ ಹೊರಟಿತು, 2015ರಲ್ಲಿ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ ಪ್ರತಿಮೆ ನಿಂತಿತು, 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರವು ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಆದರೆ ನಗರದ ನಾಮಕರಣದ ಮನೆಗಳಲ್ಲಿ ‘ಬಸಪ್ಪ’, ‘ಬಸಮ್ಮ’ ಎಂಬವು ಹಳೆಯ ಕಾಲದ ಹೆಸರುಗಳೆನಿಸಿ, ಎರಡಕ್ಷರದ ಹೊಸ ಸಂಸ್ಕೃತ ನಾಮಗಳು ಮುಂದೆ ಬಂದಿವೆ. ಅಜ್ಜನ ಹೆಸರು ಉಳಿಯಲೆಂದು ಶಾಸ್ತ್ರಕ್ಕೆ ಒಂದನ್ನಿಟ್ಟು, ಕರೆಯಲು ಮತ್ತೊಂದನ್ನಿಡುವ ರೂಢಿಯೂ ಬೆಳೆದಿದೆ.

ಇದನ್ನು ಕಂಡು ಮರುಗಬೇಕಾದ ಕಾರಣವಿಲ್ಲ. ಹೆಸರುಗಳಿಗೂ ಋತುಗಳುಂಟು, ಉದುರುತ್ತವೆ, ಚಿಗುರುತ್ತವೆ. ಮರುಗಬೇಕಾದುದು ಬೇರೆಯ ಸಂಗತಿಗೆ. ತೊಟ್ಟಿಲಿನಲ್ಲಿ ‘ಬಸವ’ನೆಂದು ಮೂರು ಸಲ ಕೂಗಿಸಿಕೊಂಡ ಮಗು ಬೆಳೆದು, ಬಡತನದ ಕಾರಣದಿಂದಲೋ ಕುಲದ ಕಾರಣದಿಂದಲೋ ‘ಬಸ್ಯಾ’ ಎನಿಸಿಕೊಂಡರೆ, ಆ ಊರಿನಲ್ಲಿ ಎಷ್ಟು ಜಯಂತಿಗಳು ನಡೆದರೂ ಫಲವೇನು? ಚೆನ್ನನನ್ನು ಚೆನ್ನಯ್ಯನೆಂದು, ಮಾಚನನ್ನು ಮಾಚಯ್ಯನೆಂದು ಕರೆದ ಶರಣರು ಯಾರ ಹೆಸರನ್ನೂ ಬದಲಿಸಲಿಲ್ಲ. ಕರೆಯುವ ದನಿಯನ್ನು ಬದಲಿಸಿದರು. ಮಗುವಿಗೆ ಇಡುವ ಹೆಸರು ಯಾವುದೇ ಆಗಿರಲಿ, ಊರಿನ ಕಡುಬಡವನನ್ನು ಕೂಗುವಾಗ ಬಾಯಲ್ಲಿ ‘ಅಣ್ಣ’, ‘ಅಯ್ಯ’ ಎಂಬ ಮಾತು ತಾನಾಗಿ ಬರುವುದಾದರೆ, ಅಲ್ಲಿ ಬಸವನಾಮ ಉಳಿದಿದೆಯೆಂದೇ ತಿಳಿಯಬೇಕು.