ಕೂಗದ ಕಂಠ: ಎಂಬತ್ತರ ದಶಕದ ಪೆಟ್ ಶಾಪ್ ಬಾಯ್ಸ್

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸಿಂಥಸೈಜರ್ ದೊಡ್ಡ ಸ್ಟುಡಿಯೋಗಳ ಸೊತ್ತಾಗಿ ಉಳಿದಿರಲಿಲ್ಲ. ಜಪಾನಿನ ಕೋರ್ಗ್, ರೋಲ್ಯಾಂಡ್ ಕಂಪನಿಗಳ ಅಗ್ಗದ ಮಾದರಿಗಳು ಬ್ರಿಟನ್ನಿನ ಹುಡುಗರ ಕೋಣೆಗಳಿಗೇ ಬಂದವು. ತಾಳಕ್ಕೆ ಡ್ರಮ್ ಮಷೀನ್, ಒಂದೇ ಸ್ವರಗುಚ್ಛವನ್ನು ದಣಿಯದೆ ನುಡಿಸಲು ಸೀಕ್ವೆನ್ಸರ್. ನಾಲ್ಕೈದು ಜನರ ಬ್ಯಾಂಡಿನಲ್ಲಿ ಕೊನೆಗೆ ಇಬ್ಬರಿದ್ದರೆ ಸಾಕಾಯಿತು: ಹಾಡಲು ಒಬ್ಬರು, ಯಂತ್ರ ನೋಡಿಕೊಳ್ಳಲು ಒಬ್ಬರು.

ಲೀಡ್ಸ್ ಪಾಲಿಟೆಕ್ನಿಕ್‌ನಲ್ಲಿ ಜೊತೆಯಾದ ಮಾರ್ಕ್ ಆಲ್ಮಂಡ್ ಮತ್ತು ಡೇವ್ ಬಾಲ್ 'ಸಾಫ್ಟ್ ಸೆಲ್' ಎಂಬ ಹೆಸರಿನಲ್ಲಿ ಹೊರಟರು. ಉತ್ತರ ಇಂಗ್ಲೆಂಡಿನ ಡಾನ್ಸ್ ಕ್ಲಬ್ಬುಗಳು ನೆನಪಿಟ್ಟುಕೊಂಡಿದ್ದ ಅಮೆರಿಕದ ಹಳೆಯ ಸೋಲ್ ಹಾಡು 'ಟೇಂಟೆಡ್ ಲವ್' ಅನ್ನು 1981ರಲ್ಲಿ ಬ್ರಿಟನ್ನಿನ ಮೊದಲ ಸ್ಥಾನಕ್ಕೆ ಏರಿಸಿದರು. ಮರುವರ್ಷ 'ಯಾಝೂ' ಬಂತು; ವಿನ್ಸ್ ಕ್ಲಾರ್ಕ್ ಅವರ ಯಂತ್ರಗಳ ಮೇಲೆ ಅಲಿಸನ್ ಮೊಯೆ ಅವರ ಬ್ಲೂಸ್ ಕಂಠ. 1983ರಲ್ಲಿ 'ಯುರಿತ್ಮಿಕ್ಸ್' ಅಮೆರಿಕವನ್ನೂ ಗೆದ್ದಿತು. ಯಂತ್ರ ತಣ್ಣಗಿರಲಿ, ಕಂಠ ಸುಡಲಿ ಎಂಬುದು ಈ ಮೂರೂ ಜೋಡಿಗಳ ಸೂತ್ರವಾಗಿತ್ತು. ಆದರೆ ಯಾಝೂ ಎರಡೇ ಆಲ್ಬಮ್‌ಗಳಿಗೆ ಮುಗಿಯಿತು. 1984ರಲ್ಲಿ ಸಾಫ್ಟ್ ಸೆಲ್ ಕೂಡ ಬೇರೆಯಾಯಿತು.

ಈ ಸೂತ್ರವನ್ನು ಕೈಬಿಟ್ಟವರು ಪೆಟ್ ಶಾಪ್ ಬಾಯ್ಸ್. ಅವರ ಹಿರಿಮೆ ಇರುವುದೇ ಅಲ್ಲಿ ಎಂದು ನಾನು ನಂಬಿದ್ದೇನೆ. 1981ರ ಆಗಸ್ಟ್‌ನಲ್ಲಿ ಲಂಡನ್ನಿನ ಕಿಂಗ್ಸ್ ರೋಡಿನ ಎಲೆಕ್ಟ್ರಾನಿಕ್ ಅಂಗಡಿಯೊಂದರಲ್ಲಿ ನೀಲ್ ಟೆನಂಟ್ ಮತ್ತು ಕ್ರಿಸ್ ಲೋ ಮಾತಿಗೆ ಸಿಕ್ಕರು. ಲೋ ಬ್ಲ್ಯಾಕ್‌ಪೂಲಿನವರು, ವಾಸ್ತುಶಿಲ್ಪದ ವಿದ್ಯಾರ್ಥಿ. ನ್ಯೂಕ್ಯಾಸಲ್ ಕಡೆಯ ಟೆನಂಟ್ ಮುಂದೆ 'ಸ್ಮ್ಯಾಶ್ ಹಿಟ್ಸ್' ಪತ್ರಿಕೆ ಸೇರಿದರು. 1983ರಲ್ಲಿ ಪತ್ರಿಕೆಯ ಕೆಲಸಕ್ಕೆಂದು ನ್ಯೂಯಾರ್ಕಿಗೆ ಹೋದಾಗ, ತಮ್ಮಿಬ್ಬರಿಗೂ ಅಚ್ಚುಮೆಚ್ಚಿನವರಾದ ಡಾನ್ಸ್ ಸಂಗೀತ ನಿರ್ಮಾಪಕ ಬಾಬಿ ಓರ್ಲಾಂಡೋ ಅವರನ್ನು ಹುಡುಕಿಕೊಂಡು ಹೋಗಿ ಕಂಡರು. ಅವರೊಂದಿಗೆ ಮಾಡಿದ 'ವೆಸ್ಟ್ ಎಂಡ್ ಗರ್ಲ್ಸ್' 1984ರಲ್ಲಿ ಹೊರಬಂದರೂ ಕ್ಲಬ್ಬುಗಳಾಚೆ ಹೆಚ್ಚು ದೂರ ಹೋಗಲಿಲ್ಲ.

ಇಬ್ಬರೂ ಪಾರ್ಲೋಫೋನ್ ಕಂಪನಿ ಸೇರಿದ ಮೇಲೆ ನಿರ್ಮಾಪಕ ಸ್ಟೀಫನ್ ಹೇಗ್ ಅದೇ ಹಾಡಿನ ನಡೆಯನ್ನು ನಿಧಾನಿಸಿ, ಬೀದಿಯ ಸದ್ದಿನೊಂದಿಗೆ ಶುರುಮಾಡಿ ಹೊಸದಾಗಿ ರೂಪಿಸಿದರು. 1986ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ, ಮೇ ತಿಂಗಳಲ್ಲಿ ಅಮೆರಿಕದಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಅದರಲ್ಲಿ ಟೆನಂಟ್ ಹಾಡುವುದಕ್ಕಿಂತ ಮಾತಾಡುವುದೇ ಹೆಚ್ಚು. ತೆಳುವಾದ, ಏರಿಳಿತ ಕಡಿಮೆಯಿರುವ, ಅಪ್ಪಟ ಇಂಗ್ಲಿಷ್ ದನಿ. ಬಳಿಯಲ್ಲಿ ಟೋಪಿ, ಕಪ್ಪು ಕನ್ನಡಕ ತೊಟ್ಟು ಅಲುಗಾಡದೆ ನಿಂತ ಲೋ. ಭಾವವೆಲ್ಲ ಕಂಠವನ್ನು ಬಿಟ್ಟು ಸ್ವರಮೇಳಕ್ಕೂ ಸಾಹಿತ್ಯಕ್ಕೂ ವರ್ಗವಾಗಿತ್ತು.

ಆ ಸಾಹಿತ್ಯದಲ್ಲಿ ಪತ್ರಕರ್ತನ ಕಣ್ಣಿದೆ. 1987ರ 'ಆ್ಯಕ್ಚುಅಲಿ' ಆಲ್ಬಮ್ ಥ್ಯಾಚರ್ ಕಾಲದ ಬ್ರಿಟನ್ನಿನ ದಾಖಲೆಯೇ ಸರಿ. ಸರ್ಕಾರಿ ಉದ್ಯಮಗಳ ಮಾರಾಟದ ಬಗ್ಗೆ 'ಶಾಪಿಂಗ್', ಹಣ ಮತ್ತು ಪ್ರೀತಿ ಬೇರ್ಪಡಿಸಲಾಗದಂತೆ ಬೆರೆತ ಸಂಬಂಧದ ಬಗ್ಗೆ 'ರೆಂಟ್'. ಕೊನೆಯ ಹಾಡು 'ಕಿಂಗ್ಸ್ ಕ್ರಾಸ್'. ಉತ್ತರದ ಊರುಗಳಿಂದ ಬರುವ ರೈಲುಗಳು ನಿಲ್ಲುವ ನಿಲ್ದಾಣವದು. ಕೆಲಸ ಅರಸಿ ಬಂದವರು ಮೊದಲು ಕಾಲಿಡುವ ಲಂಡನ್. ತಾವೂ ಅದೇ ದಿಕ್ಕಿನಿಂದ ಬಂದವರಾದ್ದರಿಂದ ಟೆನಂಟ್ ಈ ಹಾಡಿನಲ್ಲಿ ಯಾರನ್ನೂ ದೂರ ನಿಂತು ನೋಡುವುದಿಲ್ಲ. ಆಲ್ಬಮ್ ಬಂದು ಎರಡು ತಿಂಗಳಾಗಿತ್ತಷ್ಟೇ, ಅದೇ ಕಿಂಗ್ಸ್ ಕ್ರಾಸ್‌ನ ಸುರಂಗ ನಿಲ್ದಾಣದಲ್ಲಿ ಬೆಂಕಿ ಬಿದ್ದು 31 ಜನ ಸತ್ತರು. ಹಾಡಿಗೆ ಅದರಿಂದ ಬಂದ ಭಾರವನ್ನು ಇಂದಿಗೂ ಕಳಚಿ ಕೇಳುವುದು ಕಷ್ಟ.

ಇದೇ ಆಲ್ಬಮ್ಮಿನ 'ಇಟ್ಸ್ ಎ ಸಿನ್' ಟೆನಂಟ್ ಅವರ ಕ್ಯಾಥೊಲಿಕ್ ಶಾಲೆಯ ದಿನಗಳಿಂದ ಬಂದದ್ದು. ಗುಡುಗುವ ಸಂಗೀತದ ನಡುವೆಯೂ ಅವರು ಕೂಗುವುದಿಲ್ಲ. ಮೂರು ವಾರ ಅದು ಅಗ್ರಸ್ಥಾನದಲ್ಲಿತ್ತು. ಸುಡುವ ಕಂಠ ಬೇಕೆನಿಸಿದಾಗ ಅದನ್ನು ಹೊರಗಿನಿಂದ ಕರೆತಂದರು; ಬೇಡಿಕೆ ಕುಸಿದಿದ್ದ ಡಸ್ಟಿ ಸ್ಪ್ರಿಂಗ್‌ಫೀಲ್ಡ್ ಅವರೊಂದಿಗೆ ಹಾಡಿದ ಯುಗಳಗೀತೆ ಬ್ರಿಟನ್, ಅಮೆರಿಕ ಎರಡರಲ್ಲೂ 2ನೇ ಸ್ಥಾನ ತಲುಪಿ ಆ ಗಾಯಕಿಯನ್ನು ಮತ್ತೆ ಮುಂದಕ್ಕೆ ತಂದಿತು. ಎರಡು ದನಿಗಳ ಅಂತರವೇ ಆ ಹಾಡಿನ ಜೀವ.

1988ರ 'ಇಂಟ್ರೊಸ್ಪೆಕ್ಟಿವ್'ನಲ್ಲಿ ಆರೇ ಹಾಡುಗಳು, ಎಲ್ಲವೂ ಕ್ಲಬ್ಬಿನ ಅಳತೆಗೆ ದೀರ್ಘ. ಟ್ರೆವರ್ ಹಾರ್ನ್ ನಿರ್ಮಿಸಿದ 'ಲೆಫ್ಟ್ ಟು ಮೈ ಓನ್ ಡಿವೈಸಸ್' ಹಾಡಿನಲ್ಲಿ ಇಡೀ ವಾದ್ಯವೃಂದ 'ಹೌಸ್' ಎಂಬ ಕ್ಲಬ್ ಸಂಗೀತದ ತಾಳದ ಮೇಲೆ ನುಡಿಯಿತು. ಇಬ್ಬರಿಗೆ ಇಳಿದಿದ್ದ ಪಾಪ್ ಹೀಗೆ ಮತ್ತೆ ಹತ್ತಾರು ವಾದಕರ ಕಡೆಗೆ ಹೊರಳಿದ್ದು ಈ ಕಥೆಯ ಸೊಗಸಾದ ತಿರುವು. ಆದರೆ ಅದೇ ವರ್ಷದ 'ಡಾಮಿನೊ ಡಾನ್ಸಿಂಗ್' 7ನೇ ಸ್ಥಾನದಲ್ಲೇ ನಿಂತಾಗ, ಮುಟ್ಟಿದ್ದೆಲ್ಲ ಗೆಲ್ಲುತ್ತಿದ್ದ ತಮ್ಮ 'ಸಾಮ್ರಾಜ್ಯದ ಹಂತ' ಮುಗಿಯಿತೆಂದು ಟೆನಂಟ್ ಗುರುತಿಸಿಕೊಂಡರು. 1989ರಲ್ಲಷ್ಟೇ ಅವರ ಮೊದಲ ಸಂಗೀತ ಪ್ರವಾಸ. ಅದರ ವೇದಿಕೆಗೆ ಚಲನಚಿತ್ರಗಳನ್ನು ತೆಗೆದುಕೊಟ್ಟವರು ನಿರ್ದೇಶಕ ಡೆರೆಕ್ ಜಾರ್ಮನ್.

ಏಡ್ಸ್ ರೋಗ ಈ ಜೋಡಿಯ ಸುತ್ತಲಿನವರನ್ನು ಒಯ್ಯುತ್ತಿದ್ದ ವರ್ಷಗಳೂ ಅವೇ. ತೀರಿಕೊಂಡ ಗೆಳೆಯನನ್ನು ನೆನೆದು ಟೆನಂಟ್ ಬರೆದ 'ಬೀಯಿಂಗ್ ಬೋರಿಂಗ್' 1990ರಲ್ಲಿ ಬಂತು. ಬ್ರಿಟನ್ನಿನಲ್ಲಿ ಅದು 20ನೇ ಸ್ಥಾನ ದಾಟಲಿಲ್ಲ. ಮೊದಲ ಸ್ಥಾನಕ್ಕೇರಿದ ಅವರ ನಾಲ್ಕು ಹಾಡುಗಳಿಗಿಂತಲೂ ನಾನು ಅದನ್ನೇ ಮೇಲಿಡುತ್ತೇನೆ.